ಕಾಡು ದಂಶಕಗಳ ವೈರಸ್ ಸಮೀಕ್ಷೆ

ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿ ಮೊದಲಾದ ದಂಶಕಗಳನ್ನು ಅವು ಬಾಳುವ ಕಾಡು, ಹೊಲ, ಊರಂಚುಗಳಲ್ಲೇ ಹಿಡಿದು, ಅವುಗಳ ರಕ್ತ, ಅಂಗಾಂಶ, ಮಲಮೂತ್ರಗಳಲ್ಲಿ ಮನುಷ್ಯರಿಗೆ ತಗಲಬಲ್ಲ ವೈರಸ್‌ಗಳಿವೆಯೇ ಎಂದು ಪರೀಕ್ಷಿಸುವ ವ್ಯವಸ್ಥಿತ ಕೆಲಸ. ಪ್ರಾಣಿಶಾಸ್ತ್ರ, ವೈರಾಣುಶಾಸ್ತ್ರ, ಸಾಂಕ್ರಾಮಿಕ ರೋಗಶಾಸ್ತ್ರ ಮೂರೂ ಒಂದು ಇಲಿಬೋನಿನ ಸುತ್ತ ಸೇರುವ ಕ್ಷೇತ್ರವಿದು. ಮೂಗಿಲಿ ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ದಂಶಕವಲ್ಲ, ಕೀಟಾಹಾರಿ. ಆದರೂ ಅದು ಅದೇ ಬೋನಿಗೆ ಬೀಳುತ್ತದೆ, ಅದರ ಮೈಯಲ್ಲೂ ಗಮನಿಸಬೇಕಾದ ವೈರಸ್‌ಗಳು ಸಿಕ್ಕಿವೆ. ಹಾಗಾಗಿ ಇಂಥ ಸಮೀಕ್ಷೆಗಳಲ್ಲಿ ಅದನ್ನೂ ಸೇರಿಸಿಕೊಳ್ಳುವುದು ರೂಢಿ.

ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳಬೇಕು ಎಂಬುದು ಹಳೆ ಮೈಸೂರು ಸೀಮೆಯ ಜನ 1898ರ ನಂತರದ ಪ್ಲೇಗ್ ವರ್ಷಗಳಲ್ಲಿ ಕಲಿತ ಪಾಠ. ಪ್ಲೇಗ್ ಬ್ಯಾಕ್ಟೀರಿಯಾದಿಂದ ಬರುವ ರೋಗ. ಅದು ಇಲಿಯನ್ನೂ ಕೊಲ್ಲುತ್ತದೆ. ಸತ್ತ ಇಲಿಯೇ ಅಲ್ಲಿ ಮುನ್ಸೂಚನೆ. ದಂಶಕಗಳಲ್ಲಿ ನೆಲೆಸಿದ ವೈರಸ್‌ಗಳ ರೀತಿ ಬೇರೆ. ಹಂಟಾವೈರಸ್ ಅಥವಾ ಅರೆನಾವೈರಸ್ ಹೊತ್ತ ಇಲಿ ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ. ತಿನ್ನುತ್ತದೆ, ಓಡಾಡುತ್ತದೆ, ಮರಿ ಹಾಕುತ್ತದೆ, ತಿಂಗಳುಗಟ್ಟಲೆ ಮೂತ್ರ, ಹಿಕ್ಕೆ, ಜೊಲ್ಲಿನಲ್ಲಿ ವೈರಸ್ಸನ್ನು ಹೊರಹಾಕುತ್ತಲೇ ಇರುತ್ತದೆ. ಹೊರಗಿನಿಂದ ನೋಡಿದವರಿಗೆ ಯಾವ ಗುರುತೂ ಸಿಗದು. ಹಿಡಿದು, ಪರೀಕ್ಷಿಸಿ ತಿಳಿಯುವುದಲ್ಲದೆ ಬೇರೆ ದಾರಿಯಿಲ್ಲವೆಂಬುದೇ ಈ ಸಮೀಕ್ಷೆಗಳ ಹುಟ್ಟಿಗೆ ಕಾರಣ.

ದಂಶಕಗಳೇ ಏಕೆ

ಭೂಮಿಯ ಮೇಲಿನ ಸಸ್ತನಿ ಪ್ರಭೇದಗಳಲ್ಲಿ ಸುಮಾರು ಶೇ. 40 ದಂಶಕಗಳು. ಅವು ಬೇಗ ಬೆಳೆದು, ಬೇಗ ಹೆತ್ತು, ಬೇಗ ಸಾಯುವ ಪ್ರಾಣಿಗಳು. ಸೋಂಕಿಗೆ ಒಡ್ಡಿಕೊಳ್ಳದ ಹೊಸ ಮರಿಗಳು ಪ್ರತಿ ಋತುವಿನಲ್ಲೂ ಸೇರುತ್ತಿರುವುದರಿಂದ ವೈರಸ್ಸಿಗೆ ಹೊಸ ಮೈಗಳ ಕೊರತೆಯಾಗುವುದಿಲ್ಲ. ಅಮೆರಿಕದ ಬಾರ್ಬರಾ ಹಾನ್ ಮತ್ತು ಸಂಗಡಿಗರು 2015ರಲ್ಲಿ 2,277 ದಂಶಕ ಪ್ರಭೇದಗಳ ಜೀವನಕ್ರಮದ ವಿವರಗಳನ್ನು ಕಂಪ್ಯೂಟರಿಗೆ ಊಡಿ ವಿಶ್ಲೇಷಿಸಿದರು. ಆಗ ಮನುಷ್ಯರಿಗೆ ಹರಡುವ ರೋಗಾಣುಗಳು ಇವೆಯೆಂದು ಗೊತ್ತಿದ್ದ ಪ್ರಭೇದಗಳು 217. ಅವುಗಳನ್ನು ಉಳಿದವುಗಳಿಂದ ಬೇರ್ಪಡಿಸಿದ ಮುಖ್ಯ ಲಕ್ಷಣ ಈ ಅವಸರದ ಬಾಳ್ವೆಯೇ ಆಗಿತ್ತು. ಇಷ್ಟಾದರೂ ಒಂದು ಮಾತನ್ನು ಒತ್ತಿ ಹೇಳಬೇಕು: ಬಹುಪಾಲು ದಂಶಕ ಪ್ರಭೇದಗಳಿಂದ ಮನುಷ್ಯರಿಗೆ ಯಾವ ರೋಗವೂ ಬಂದದ್ದು ದಾಖಲಾಗಿಲ್ಲ. ಒಂದು ವೈರಸ್ ಸಾಮಾನ್ಯವಾಗಿ ಒಂದೋ ಎರಡೋ ಪ್ರಭೇದಗಳಿಗೆ ಅಂಟಿಕೊಂಡಿರುತ್ತದೆ. ಆ ಪ್ರಭೇದ ಯಾವುದು, ಎಲ್ಲಿದೆ, ಮನುಷ್ಯ ಅದರ ದಾರಿಗೆ ಹೇಗೆ ಅಡ್ಡ ಬರುತ್ತಾನೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡದ ಸಮೀಕ್ಷೆ ಬರೀ ಪಟ್ಟಿಯಾಗಿ ಉಳಿಯುತ್ತದೆ.

ಹೆಚ್ಚು ಹುಡುಕಾಟ ನಡೆದಿರುವುದು ಎರಡು ಗುಂಪುಗಳಿಗಾಗಿ. ಹಂಟಾವೈರಸ್‌ಗಳು ಏಷ್ಯಾ ಮತ್ತು ಯುರೋಪಿನಲ್ಲಿ ಮೂತ್ರಪಿಂಡಕ್ಕೂ ಅಮೆರಿಕ ಖಂಡಗಳಲ್ಲಿ ಶ್ವಾಸಕೋಶಕ್ಕೂ ಪೆಟ್ಟು ಕೊಡುತ್ತವೆ. ಅರೆನಾವೈರಸ್‌ಗಳಲ್ಲಿ ಪಶ್ಚಿಮ ಆಫ್ರಿಕಾದ ಲಾಸಾ, ದಕ್ಷಿಣ ಅಮೆರಿಕದ ಮಚುಪೊ, ಹುನಿನ್ ಮುಖ್ಯವಾದವು. ಎರಡೂ ಗುಂಪುಗಳು ಕಚ್ಚಿದರೆ ಮಾತ್ರ ತಗಲುತ್ತವೆಂದಿಲ್ಲ. ಒಣಗಿದ ಹಿಕ್ಕೆ, ಮೂತ್ರ ಬೆರೆತ ದೂಳನ್ನು ಉಸಿರಾಡಿದರೂ ಸಾಕು. ಬಹುಕಾಲ ಮುಚ್ಚಿದ್ದ ಕಣಜವನ್ನೋ ಕೊಟ್ಟಿಗೆಯನ್ನೋ ಗುಡಿಸುವುದು ಅಪಾಯದ ಕೆಲಸವಾಗುವುದು ಹೀಗೆ. ಇವಲ್ಲದೆ ಉಣ್ಣೆಗಳ ಮೂಲಕ ಸಾಗುವ ವೈರಸ್‌ಗಳಿವೆ; ಅವುಗಳಲ್ಲಿ ಮಂಗನ ಕಾಯಿಲೆ ನಮ್ಮ ನೆಲದ್ದು.

ಕೊರಿಯಾದ ಹೊಲದಿಲಿ

1950ರಿಂದ 1953ರವರೆಗೆ ನಡೆದ ಕೊರಿಯಾ ಯುದ್ಧದಲ್ಲಿ ವಿಶ್ವಸಂಸ್ಥೆಯ ಪಡೆಗಳ 3,000ಕ್ಕೂ ಹೆಚ್ಚು ಸೈನಿಕರು ವಿಚಿತ್ರ ಜ್ವರಕ್ಕೆ ತುತ್ತಾದರು. ಜ್ವರ, ರಕ್ತಸ್ರಾವ, ಕೊನೆಗೆ ಮೂತ್ರಪಿಂಡದ ವೈಫಲ್ಯ. ರೋಗಾಣು ಯಾವುದೆಂದು ಕಾಲು ಶತಮಾನ ಯಾರಿಗೂ ತಿಳಿಯಲಿಲ್ಲ. ಕೊರಿಯಾದ ವೈರಾಣುತಜ್ಞ ಹೊ ವಾಂಗ್ ಲೀ ಯುದ್ಧಭೂಮಿಯಾಗಿದ್ದ ಗಡಿಪ್ರದೇಶದಲ್ಲಿ ವರ್ಷಗಟ್ಟಲೆ ಹೊಲದಿಲಿಗಳನ್ನು ಹಿಡಿಸಿದರು. ಅಲ್ಲಿ ಹೆಚ್ಚು ಸಿಗುತ್ತಿದ್ದುದು ಬೆನ್ನ ಮೇಲೆ ಕಪ್ಪು ಗೆರೆಯಿರುವ ಅಪೊಡೆಮಸ್ ಅಗ್ರೇರಿಯಸ್ ಎಂಬ ಪುಟ್ಟ ಇಲಿ. 1976ರಲ್ಲಿ ಆ ಇಲಿಯ ಶ್ವಾಸಕೋಶದ ತೆಳು ಪದರಗಳ ಮೇಲೆ, ರೋಗದಿಂದ ಚೇತರಿಸಿಕೊಂಡವರ ರಕ್ತಸಾರವನ್ನು ಹಾಕಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಂಗಾಂಶ ಹೊಳೆಯಿತು. ರೋಗಿಯ ಪ್ರತಿಕಾಯಗಳು ಇಲಿಯ ಶ್ವಾಸಕೋಶದಲ್ಲಿ ಯಾವುದನ್ನೋ ಗುರುತು ಹಿಡಿದಿದ್ದವು. 1978ರಲ್ಲಿ ಪ್ರಕಟವಾದ ಈ ಶೋಧ ಹಂಟಾನ್ ನದಿಯ ಹೆಸರಿನಲ್ಲಿ ವೈರಸ್ಸಿಗೆ ನಾಮಕರಣ ಮಾಡಿತು; ಇಡೀ ಹಂಟಾವೈರಸ್ ಕುಲದ ಹೆಸರೂ ಅಲ್ಲಿಂದಲೇ ಬಂದದ್ದು. ಈ ಹುಡುಕಾಟದಲ್ಲಿ ಲೀ ಅವರ ಹಲವು ಸಹಾಯಕರಿಗೆ ರೋಗ ತಗಲಿತ್ತು ಎಂಬುದನ್ನು ಮರೆಯಬಾರದು. ಕೆಲವೇ ವರ್ಷಗಳಲ್ಲಿ ಅದೇ ತಂಡ ಸೋಲ್ ನಗರದ ಮನೆ ಇಲಿಗಳಲ್ಲಿ ಹತ್ತಿರದ ಇನ್ನೊಂದು ವೈರಸ್ಸನ್ನು ಕಂಡುಹಿಡಿಯಿತು. ನಗರದ ಇಲಿ ಹಡಗು ಹತ್ತಿ ಲೋಕವೆಲ್ಲ ಸುತ್ತಿದ ಪ್ರಾಣಿ. ಸೋಲ್ ವೈರಸ್ಸೂ ಅದರ ಜೊತೆಗೇ ಸುತ್ತಿತು. ಜಪಾನಿನ ಪ್ರಯೋಗಾಲಯಗಳಲ್ಲಿ ಸಾಕಿದ ಇಲಿಗಳಿಂದಲೇ ನೂರಕ್ಕೂ ಹೆಚ್ಚು ಮಂದಿಗೆ ಈ ಸೋಂಕು ತಗಲಿತು.

ಈ ಚರಿತ್ರೆಗೆ ವೆಲ್ಲೂರಿನದೊಂದು ಹಿಂದಿನ ಅಧ್ಯಾಯವಿದೆ. 1964ರಲ್ಲಿ ಅಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಸಂಬಂಧದ ಸಮೀಕ್ಷೆ ನಡೆದಾಗ ಒಂದು ಮೂಗಿಲಿಯಿಂದ ಗುರುತು ಸಿಗದ ವೈರಸ್ಸೊಂದನ್ನು ಬೇರ್ಪಡಿಸಿ, ಊರಿನ ಬಡಾವಣೆಯ ಹೆಸರನ್ನೇ ಇಟ್ಟು, ತೊಟ್ಟಪಾಳಯಂ ವೈರಸ್ ಎಂದು ಕಾಪಿಟ್ಟರು. ಅದು ಯಾವ ಕುಲಕ್ಕೆ ಸೇರಿದ್ದೆಂದು ಆಗ ಹೇಳಬಲ್ಲವರಿರಲಿಲ್ಲ. ಹಂಟಾನ್ ವೈರಸ್ ಬೆಳಕಿಗೆ ಬಂದ ಮೇಲೆ, 1980ರ ದಶಕದಲ್ಲಿ, ಅದೂ ಹಂಟಾವೈರಸ್ ಎಂದು ಗೊತ್ತಾಯಿತು. ಜಗತ್ತಿನಲ್ಲಿ ಮೊದಲು ಬೇರ್ಪಡಿಸಿದ ಹಂಟಾವೈರಸ್ ಹೀಗೆ ದಕ್ಷಿಣ ಭಾರತದ್ದು. ಅದು ಮನುಷ್ಯರಲ್ಲಿ ತೀವ್ರ ರೋಗ ತರುತ್ತದೆಂಬುದಕ್ಕೆ ಪುರಾವೆ ಇಲ್ಲ. ಆದರೆ ಹಂಟಾವೈರಸ್‌ಗಳು ದಂಶಕಗಳಿಗಷ್ಟೇ ಸೀಮಿತವೆಂಬ ಎಣಿಕೆಯನ್ನು ಮುರಿದದ್ದು ಅದೇ.

ಸಾನ್ ಹೊಅಕೀನ್: ಬೋನೇ ಮದ್ದಾದದ್ದು

ಬೊಲಿವಿಯಾದ ಬೇನಿ ಪ್ರಾಂತ್ಯದ ಸಾನ್ ಹೊಅಕೀನ್ ಎಂಬ ಪುಟ್ಟ ಪಟ್ಟಣ 1962ರಿಂದ 1964ರವರೆಗೆ ರಕ್ತಸ್ರಾವದ ಜ್ವರಕ್ಕೆ ಸಿಕ್ಕು ನಲುಗಿತು. ಪನಾಮಾದಲ್ಲಿದ್ದ ಮಿಡ್ಲ್ ಅಮೆರಿಕ ರಿಸರ್ಚ್ ಯುನಿಟ್‌ನಿಂದ ಕಾರ್ಲ್ ಜಾನ್ಸನ್, ಮರ್ಲ್ ಕುನ್ಸ್, ರೊನಾಲ್ಡ್ ಮೆಕೆಂಜಿ ಅಲ್ಲಿಗೆ ಹೋದರು. ಜಾನ್ಸನ್ ಸ್ವತಃ ಸೋಂಕಿತರಾಗಿ, ಪನಾಮಾಕ್ಕೆ ಮರಳಿ ಚಿಕಿತ್ಸೆ ಪಡೆದು ಬದುಕಿದರು. ಮೊದಲು ಸೊಳ್ಳೆ, ಉಣ್ಣೆಗಳ ಮೇಲೆ ಅನುಮಾನವಿತ್ತು. ಊರಿನ ಬೆಕ್ಕುಗಳು ಸತ್ತುಹೋಗಿರುವುದೂ, ಕ್ಯಾಲೊಮಿಸ್ ಕ್ಯಾಲೊಸಸ್ ಎಂಬ ಹೊಲದ ಇಲಿ ಮನೆಯೊಳಗೆ ತುಂಬಿಕೊಂಡಿರುವುದೂ ಕುನ್ಸ್ ಗಮನಕ್ಕೆ ಬಂತು. ಆ ಇಲಿಗಳಲ್ಲಿ ಮಚುಪೊ ವೈರಸ್ ಸಿಕ್ಕಿತು. 1964ರಲ್ಲಿ ಮನೆಮನೆಗೂ ಬೋನಿಟ್ಟು ಇಲಿ ಹಿಡಿಯತೊಡಗಿದ ಕೆಲವೇ ವಾರಗಳಲ್ಲಿ ರೋಗ ನಿಂತಿತು. ಲಸಿಕೆಯಾಗಲಿ ಔಷಧಿಯಾಗಲಿ ಇಲ್ಲದೆ, ಆಶ್ರಯ ಕೊಟ್ಟ ಪ್ರಾಣಿ ಯಾವುದೆಂಬ ತಿಳಿವಳಿಕೆಯೊಂದರಿಂದಲೇ ಸಾಂಕ್ರಾಮಿಕವೊಂದನ್ನು ನಿಲ್ಲಿಸಿದ ಇಷ್ಟು ಸ್ಪಷ್ಟ ನಿದರ್ಶನ ಇನ್ನೊಂದು ಸಿಗುವುದು ಕಷ್ಟ.

ಲಾಸಾ ಜ್ವರದಲ್ಲಿ ಅಂಥ ಗೆಲುವು ಸಿಗಲಿಲ್ಲ. 1969ರಲ್ಲಿ ನೈಜೀರಿಯಾದ ಲಾಸಾ ಎಂಬ ಊರಿನಿಂದ ರೋಗ ಬೆಳಕಿಗೆ ಬಂತು. 1972ರಲ್ಲಿ ಸಿಯೆರಾ ಲಿಯೋನಿನಲ್ಲಿ ಹಿಡಿದ ಇಲಿಗಳಲ್ಲಿ ವೈರಸ್ ಸಿಕ್ಕಿ ಮ್ಯಾಸ್ಟೊಮಿಸ್ ನಟಾಲೆನ್ಸಿಸ್ ಎಂಬ ಬಹುಸ್ತನಿ ಇಲಿಯ ಪಾತ್ರ ಖಚಿತವಾಯಿತು. ಅದು ಮನೆಯ ಇಲಿಯೂ ಹೌದು, ಹೊಲದ ಇಲಿಯೂ ಹೌದು. ಒಂದೇ ಸೂಲಿಗೆ ಹತ್ತರಷ್ಟು ಮರಿ ಹಾಕುತ್ತದೆ. ಗಿನಿ ದೇಶದ ಹಳ್ಳಿಗಳಲ್ಲಿ ನಾಲ್ಕು ವರ್ಷ ನಡೆದು 2018ರಲ್ಲಿ ವರದಿಯಾದ ಅಧ್ಯಯನವೊಂದರಲ್ಲಿ ಮನೆಗಳಲ್ಲಿ ವಿಷವಿಟ್ಟು ಇಲಿಗಳನ್ನು ಕಡಿಮೆ ಮಾಡಲಾಯಿತು. ಮುಂದಿನ ವರ್ಷದೊಳಗೆ ಸುತ್ತಲ ಹೊಲಗಳಿಂದ ಬಂದ ಇಲಿಗಳು ಆ ಜಾಗ ತುಂಬಿದವು. ಸಾನ್ ಹೊಅಕೀನಿನ ಪಾಠವನ್ನು ಎಲ್ಲೆಡೆಗೂ ಹೊತ್ತೊಯ್ಯಲಾಗದು.

ಕ್ಯಾಸನೂರು ಕಾಡು

1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳುತ್ತಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದ್ದರು. ಏಷ್ಯಾಕ್ಕೆ ಹಳದಿ ಜ್ವರ ಬಂದೇಬಿಟ್ಟಿತೇ ಎಂಬ ಆತಂಕದಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಂತಾದವರು ಧಾವಿಸಿದರು. ಸಿಕ್ಕಿದ್ದು ಹಳದಿ ಜ್ವರವಲ್ಲ. ರಷ್ಯಾದ ಉಣ್ಣೆಜನ್ಯ ಎನ್ಸೆಫಲೈಟಿಸ್ ಗುಂಪಿನ ಹತ್ತಿರದ ನಂಟಿರುವ ಹೊಸ ವೈರಸ್. ಅದನ್ನು ಹರಡುತ್ತಿದ್ದುದು ಹೆಮಾಫೈಸಾಲಿಸ್ ಸ್ಪಿನಿಗೆರ ಎಂಬ ಕಾಡಿನ ಉಣ್ಣೆ, ಮಲೆನಾಡಿನವರ ಮಾತಿನಲ್ಲಿ ಉಣುಗು.

ಮಂಗ ಸಾಯುತ್ತದೆ, ಆದ್ದರಿಂದ ಎಲ್ಲರ ಕಣ್ಣಿಗೂ ಬೀಳುತ್ತದೆ. ರೋಗದ ಹೆಸರೂ ಅದರದ್ದೇ ಆಯಿತು. ಆದರೆ ಮಂಗ ಸಾಯದ ತಿಂಗಳುಗಳಲ್ಲಿ, ಮಳೆಗಾಲದ ಉದ್ದಕ್ಕೂ, ವೈರಸ್ ಎಲ್ಲಿರುತ್ತದೆ? ಈ ಪ್ರಶ್ನೆಯೇ ಮಲೆನಾಡಿನಲ್ಲಿ ಸಣ್ಣ ಸಸ್ತನಿಗಳ ದೊಡ್ಡ ಸಮೀಕ್ಷೆಗೆ ನಾಂದಿಯಾಯಿತು. ಸಾಗರದಲ್ಲಿ ಕ್ಷೇತ್ರಕೇಂದ್ರ ತೆರೆದು, 1960ರ ದಶಕದಲ್ಲಿ ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೋಷೆಲ್, ಪಿ. ಕೆ. ರಾಜಗೋಪಾಲನ್ ಮೊದಲಾದವರು ಕಾಡಿನ ಇಲಿ, ಅಳಿಲು, ಮೂಗಿಲಿಗಳನ್ನು ಹಿಡಿದು ಅವುಗಳ ರಕ್ತವನ್ನೂ ಮೈಮೇಲಿನ ಉಣ್ಣೆಗಳನ್ನೂ ಪರೀಕ್ಷಿಸಿದರು. ಕಾಡಿನ ಕರಿ ಇಲಿ, ಬಿಳಿ ಬಾಲದ ಬ್ಲಾನ್‌ಫರ್ಡ್ ಇಲಿ, ಮೂಗಿಲಿಗಳಿಂದ ವೈರಸ್ ಬೇರ್ಪಟ್ಟಿತು. ಉಣ್ಣೆಯ ಮರಿಹಂತಗಳು ಸಣ್ಣ ಪ್ರಾಣಿಗಳ, ಹಕ್ಕಿಗಳ, ಮಂಗಗಳ ರಕ್ತ ಕುಡಿಯುತ್ತವೆ. ಬೆಳೆದ ಉಣ್ಣೆಗೆ ದನದಂಥ ದೊಡ್ಡ ಪ್ರಾಣಿ ಬೇಕು. ಕಾಡು ಕಡಿದು ಗದ್ದೆ ಮಾಡಿದ್ದು, ಕಾಡಂಚಿನಲ್ಲಿ ದನ ಮೇಯಿಸುವುದು ಹೆಚ್ಚಿದ್ದು ಉಣ್ಣೆಗಳ ಸಂಖ್ಯೆಯನ್ನು ಹೆಚ್ಚಿಸಿತೆಂಬ ವಾದವನ್ನು ಬೋಷೆಲ್ 1969ರಲ್ಲಿ ಮುಂದಿಟ್ಟರು. ಇಲಿಗಳ ರಕ್ತದಲ್ಲಿ ವೈರಸ್ ಉಳಿಯುವುದು ಕೆಲವೇ ದಿನ. ಹಾಗಿರುವಾಗ ಅವೇ ವೈರಸ್ಸಿನ ಖಾಯಂ ನೆಲೆಯೋ, ಉಣ್ಣೆಗಳನ್ನು ಸಾಕುವುದಷ್ಟೇ ಅವುಗಳ ಪಾತ್ರವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಸಾಗರ, ಸೊರಬದ ಆಚೆಗಿನ ಕಾಡುಗಳಲ್ಲಿ, ಅಂದರೆ 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿ ರೋಗ ಕಾಣಿಸಿಕೊಂಡ ಮೇಲಂತೂ ಅರವತ್ತರ ದಶಕದ ಆ ಶ್ರಮದ ಕೆಲಸವನ್ನು ಹೊಸ ಜಾಗಗಳಲ್ಲಿ, ಹೊಸ ಸಾಧನಗಳೊಂದಿಗೆ ಮತ್ತೆ ಮಾಡಬೇಕಾದ ಅಗತ್ಯ ಬಂದಿದೆ.

ಬೋನಿಡುವ ಕ್ರಮ

ಜೀವಂತ ಹಿಡಿಯಲು ಹೆಚ್ಚು ಬಳಕೆಯಲ್ಲಿರುವುದು ಶರ್ಮನ್ ಬೋನು. ಮಡಚಿ ಹೊತ್ತೊಯ್ಯಬಹುದಾದ ಅಲ್ಯೂಮಿನಿಯಂ ಪೆಟ್ಟಿಗೆ. ಪ್ರಾಣಿ ಒಳಗೆ ಹೋಗಿ ತಟ್ಟೆ ತುಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೆಗ್ಗಣ, ಅಳಿಲುಗಳಿಗೆ ತಂತಿಬಲೆಯ ದೊಡ್ಡ ಬೋನು ಬೇಕು. ಮೂಗಿಲಿಗಳನ್ನು ಹಿಡಿಯಲು ನೆಲದಲ್ಲಿ ಬಕೆಟ್ ಹೂತಿಡುವುದುಂಟು. ಪಾಶ್ಚಾತ್ಯ ದೇಶಗಳಲ್ಲಿ ಶೇಂಗಾ ಬೆಣ್ಣೆ ಮತ್ತು ಓಟ್ಸ್ ಆಮಿಷವಾದರೆ, ನಮ್ಮಲ್ಲಿ ಕೊಬ್ಬರಿ ಚೂರು, ಒಣಮೀನು, ಕರಿದ ತಿಂಡಿ ಚೆನ್ನಾಗಿ ನಡೆಯುತ್ತವೆ.

ಬೋನುಗಳನ್ನು ಸಾಲಾಗಿಯೋ ಚೌಕಜಾಲವಾಗಿಯೋ ಇಡುತ್ತಾರೆ. ಒಂದರಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 10 ಮೀಟರ್. ಸಂಜೆ ಇಟ್ಟು ನಸುಕಿನಲ್ಲೇ ತೆಗೆಯಬೇಕು; ಬಿಸಿಲೇರಿದರೆ ಲೋಹದ ಪೆಟ್ಟಿಗೆಯೊಳಗೆ ಪ್ರಾಣಿ ಬೇಯುತ್ತದೆ. ಶ್ರಮದ ಅಳತೆಗೆ ಬೋನುರಾತ್ರಿ ಎಂಬ ಲೆಕ್ಕವಿದೆ: 100 ಬೋನುಗಳನ್ನು ಮೂರು ರಾತ್ರಿ ಇಟ್ಟರೆ 300 ಬೋನುರಾತ್ರಿ, ಅದರಲ್ಲಿ 24 ಪ್ರಾಣಿ ಸಿಕ್ಕರೆ ಯಶಸ್ಸು ಶೇ. 8. ಈ ಲೆಕ್ಕ ಬರೆಯದ ಸಮೀಕ್ಷೆಯನ್ನು ಇನ್ನೊಂದರೊಡನೆ ಹೋಲಿಸಲು ಬಾರದು. ಎಲ್ಲಿ ಇಡಬೇಕೆಂಬುದು ಇದಕ್ಕಿಂತ ಮುಖ್ಯ. ಮನೆಯೊಳಗೆ, ಹಿತ್ತಿಲಲ್ಲಿ, ಗದ್ದೆ ಬದುವಿನಲ್ಲಿ, ತೋಟದಲ್ಲಿ, ಕಾಡಿನೊಳಗೆ ಬೇರೆಬೇರೆಯಾಗಿ ಇಟ್ಟಾಗಲೇ ಯಾವ ಪ್ರಭೇದ ಯಾವ ಗಡಿ ದಾಟುತ್ತದೆಂಬುದು ತಿಳಿಯುತ್ತದೆ. ಸುಲಭವಾಗಿ ತಲುಪಬಹುದಾದ ರಸ್ತೆಬದಿಯಲ್ಲಷ್ಟೇ ಬೋನಿಟ್ಟು ಇಡೀ ಜಿಲ್ಲೆಯ ಬಗ್ಗೆ ಮಾತಾಡುವ ವರದಿಗಳು ಬರುತ್ತಲೇ ಇವೆ. ಅಂಥವನ್ನು ಒಪ್ಪಬಾರದು.

ಹಿಡಿದ ಪ್ರಾಣಿಗೆ ಅರಿವಳಿಕೆ ಕೊಟ್ಟು ತೂಕ, ಮೈಯುದ್ದ, ಬಾಲ, ಹಿಂಗಾಲು, ಕಿವಿ ಅಳೆದು, ಗಂಡೋ ಹೆಣ್ಣೋ, ಬಸಿರಿದೆಯೋ, ಮೈಮೇಲೆ ಕಚ್ಚಾಟದ ಗಾಯಗಳಿವೆಯೋ ಬರೆದುಕೊಳ್ಳುತ್ತಾರೆ. ಗಾಯದ ಟಿಪ್ಪಣಿ ಕ್ಷುಲ್ಲಕವಲ್ಲ: ಹಲವು ಹಂಟಾವೈರಸ್‌ಗಳು ಇಲಿಯಿಂದ ಇಲಿಗೆ ಕಚ್ಚಾಟದಿಂದ ಹರಡುತ್ತವೆ, ದೊಡ್ಡ ಗಂಡುಗಳಲ್ಲಿ ಸೋಂಕು ಹೆಚ್ಚು. ಆಮೇಲೆ ರಕ್ತ, ಜೊಲ್ಲು, ಮೂತ್ರದ ಮಾದರಿ. ಪ್ರಾಣಿಯನ್ನು ಕೊಲ್ಲುವ ವಿಧಾನವಾದರೆ ಶ್ವಾಸಕೋಶ, ಮೂತ್ರಪಿಂಡ, ಯಕೃತ್ತು, ಗುಲ್ಮದ ತುಣುಕುಗಳು. ಚಿಗಟ, ಉಣ್ಣೆಗಳನ್ನು ಬಾಚಿ ಬೇರೆ ಸೀಸೆಗೆ ಹಾಕಬೇಕು. ಎಲ್ಲವೂ ದ್ರವ ಸಾರಜನಕದಲ್ಲೋ ಮೈನಸ್ 80 ಡಿಗ್ರಿ ಶೈತ್ಯಾಗಾರದಲ್ಲೋ ಸೇರುವವರೆಗೆ ಶೀತಸರಪಣಿ ಕಡಿಯಬಾರದು. ಕೊಲ್ಲದೆ ಗುರುತು ಹಾಕಿ ಬಿಡುವ ವಿಧಾನದಲ್ಲಿ ಅದೇ ಇಲಿಯನ್ನು ತಿಂಗಳಿಗೊಮ್ಮೆ ಮರಳಿ ಹಿಡಿದು ಸೋಂಕು ಯಾವಾಗ ತಗಲಿತು, ಎಷ್ಟು ಕಾಲ ಉಳಿಯಿತು ಎಂದು ನೋಡಬಹುದು. ನಿಧಾನದ ಕೆಲಸವಾದರೂ ಅದರ ಫಲ ದೊಡ್ಡದು.

ಪ್ರಭೇದ ಗುರುತಿಸುವಲ್ಲಿ ಅನುಭವಿಗಳೂ ಎಡವುತ್ತಾರೆ. ಆಫ್ರಿಕಾದ ಮ್ಯಾಸ್ಟೊಮಿಸ್ ಪ್ರಭೇದಗಳು ನೋಡಲು ಒಂದೇ ತೆರ. ಲಾಸಾ ಮುಖ್ಯವಾಗಿ ಅವುಗಳಲ್ಲಿ ಒಂದರದು. ಹಾಗಾಗಿ ಮೈಟೊಕಾಂಡ್ರಿಯಾದ ಸೈಟೊಕ್ರೋಮ್ ಬಿ ಜೀನ್ ಓದಿ ಖಚಿತಪಡಿಸಿಕೊಳ್ಳುವುದು, ತಲೆಬುರುಡೆ ಮತ್ತು ಚರ್ಮವನ್ನು ವಸ್ತುಸಂಗ್ರಹಾಲಯದಲ್ಲಿ ಕಾಪಿಡುವುದು ಇಂದಿನ ಕ್ರಮ.

ಪ್ರಯೋಗಾಲಯದ ಮಾತು

ಪರೀಕ್ಷೆಗಳು ಎರಡು ಬಗೆ. ಎಲೈಸಾ ಅಥವಾ ಪ್ರತಿದೀಪ್ತಿ ಪರೀಕ್ಷೆ ಪ್ರತಿಕಾಯಗಳನ್ನು ಹುಡುಕುತ್ತದೆ. ಆರ್‌ಟಿ-ಪಿಸಿಆರ್ ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುತ್ತದೆ. ಪ್ರತಿಕಾಯವಿದ್ದರೆ ಪ್ರಾಣಿ ಎಂದೋ ವೈರಸ್ಸನ್ನು ಎದುರಿಸಿದೆ ಎಂದಷ್ಟೇ ಅರ್ಥ. ಹಂಟಾವೈರಸ್ ಸೋಂಕು ದೀರ್ಘಕಾಲ ಉಳಿಯುವುದರಿಂದ ಅಲ್ಲಿ ಪ್ರತಿಕಾಯವಿರುವ ಇಲಿಯಲ್ಲಿ ವೈರಸ್ಸೂ ಇರುವ ಸಂಭವ ಹೆಚ್ಚು; ಅರೆನಾವೈರಸ್‌ಗಳಲ್ಲಿ ಎರಡೂ ಒಟ್ಟಿಗೆ ಸಿಗದಿರಬಹುದು. ತಾಯಿಯಿಂದ ಬಂದ ಪ್ರತಿಕಾಯ ಮರಿಯಲ್ಲಿ ಕೆಲಕಾಲ ಉಳಿದು ದಾರಿತಪ್ಪಿಸುತ್ತದೆ. ಹತ್ತಿರದ ನಂಟಿನ ವೈರಸ್‌ಗಳ ಪ್ರತಿಕಾಯಗಳು ಒಂದಕ್ಕೊಂದು ಅಂಟುತ್ತವೆ. ಈಚಿನ ಮೆಟಾಜೀನೋಮಿಕ್ಸ್ ವಿಧಾನ ಮಾದರಿಯಲ್ಲಿರುವ ಎಲ್ಲ ಅನುವಂಶಿಕ ವಸ್ತುವನ್ನೂ ಒಟ್ಟಿಗೆ ಓದಿ, ಹೆಸರೇ ಇಲ್ಲದ ವೈರಸ್‌ಗಳನ್ನೂ ಮುಂದಿಡುತ್ತದೆ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಹಿಡಿದ 133 ಇಲಿಗಳಲ್ಲಿ 18 ಹೊಸ ವೈರಸ್‌ಗಳೂ, ಜೊತೆಗೆ ಹಳೆಯ ಸೋಲ್ ವೈರಸ್ಸೂ ಇದ್ದುದನ್ನು 2014ರಲ್ಲಿ ಹೀಗೆ ಕಂಡರು.

ಎಷ್ಟು ಇಲಿ ಹಿಡಿದರೆ ಸಾಕು? ಸೋಂಕು ನೂರಕ್ಕೆ ಐದು ಇಲಿಗಳಲ್ಲಿದ್ದರೆ, ಕನಿಷ್ಠ ಒಂದಾದರೂ ಸೋಂಕಿತ ಪ್ರಾಣಿ ಸಿಗುತ್ತದೆಂದು ಶೇ. 95 ಭರವಸೆಯಿಂದ ಹೇಳಲು 59 ಪ್ರಾಣಿಗಳು ಬೇಕು. ನೂರಕ್ಕೆ ಒಂದರಲ್ಲಿದ್ದರೆ 299. ಇಪ್ಪತ್ತು ಇಲಿ ನೋಡಿ ಈ ಊರಲ್ಲಿ ವೈರಸ್ ಇಲ್ಲವೆನ್ನುವವರಿಗೆ ಈ ಎರಡು ಸಂಖ್ಯೆಗಳೇ ಉತ್ತರ. ದೊಡ್ಡ ಸಂಖ್ಯೆಯೂ ಕೆಲವೊಮ್ಮೆ ಬರಿಗೈಲಿ ಕಳಿಸುತ್ತದೆ: 1995ರ ಕಿಕ್‌ವಿಟ್ ಎಬೋಲಾ ನಂತರ ಕಾಂಗೋದಲ್ಲಿ 3,066 ಕಶೇರುಕಗಳನ್ನು ಪರೀಕ್ಷಿಸಿದರೂ ವೈರಸ್ಸಿನ ನೆಲೆ ಸಿಗಲಿಲ್ಲ. ಅದನ್ನೂ ಪ್ರಕಟಿಸಿದ್ದು ಒಳ್ಳೆಯದಾಯಿತು. ಎಲ್ಲಿ ಇಲ್ಲವೆಂಬುದೂ ತಿಳಿವಳಿಕೆಯೇ.

ಶೈತ್ಯಾಗಾರದಲ್ಲಿದ್ದ ಹಳೆಯ ಇಲಿಗಳು

1993ರ ಮೇ ತಿಂಗಳಲ್ಲಿ ಅಮೆರಿಕದ ನ್ಯೂಮೆಕ್ಸಿಕೊ, ಅರಿಜೋನಾ, ಕೊಲರಾಡೊ, ಯೂಟಾ ರಾಜ್ಯಗಳು ಸೇರುವ ಫೋರ್ ಕಾರ್ನರ್ಸ್ ಪ್ರದೇಶದಲ್ಲಿ ಆರೋಗ್ಯವಂತ ಯುವಜನ ಉಸಿರುಗಟ್ಟಿ ಸಾಯತೊಡಗಿದರು. ಮೊದಲ ರೋಗಿಗಳಲ್ಲಿ ನವಾಹೊ ಬುಡಕಟ್ಟಿನವರು ಹೆಚ್ಚಿದ್ದುದರಿಂದ ಪತ್ರಿಕೆಗಳು ರೋಗಕ್ಕೆ ಅವರ ಹೆಸರನ್ನೇ ಅಂಟಿಸಿ, ಸಾವಿನ ಮೇಲೆ ಅವಮಾನವನ್ನೂ ಹೇರಿದವು. ರೋಗಿಗಳ ರಕ್ತದಲ್ಲಿ ಹಂಟಾವೈರಸ್ ವಿರುದ್ಧದ ಪ್ರತಿಕಾಯ ಸಿಕ್ಕ ಕೂಡಲೇ ಬೋನುಗಳು ಹೊರಟವು. ಆ ಬೇಸಿಗೆಯಲ್ಲಿ ಸುಮಾರು 1,700 ಸಣ್ಣ ಸಸ್ತನಿಗಳನ್ನು ಹಿಡಿದರು. ಅವುಗಳಲ್ಲಿ ಹೆಚ್ಚಿನವು ಪೆರೊಮಿಸ್ಕಸ್ ಮ್ಯಾನಿಕ್ಯುಲೇಟಸ್ ಎಂಬ ಜಿಂಕೆಬಣ್ಣದ ಇಲಿಗಳು. ಅವುಗಳಲ್ಲಿ ಸುಮಾರು ಶೇ. 30ಕ್ಕೆ ಪ್ರತಿಕಾಯಗಳಿದ್ದವು. ಊರಿನ ಹೆಸರಿಡಲು ಸ್ಥಳೀಯರು ವಿರೋಧಿಸಿದ್ದರಿಂದ ಹೊಸ ವೈರಸ್ಸನ್ನು ಸಿನ್ ನೊಂಬ್ರೆ, ಅಂದರೆ ಹೆಸರಿಲ್ಲದ್ದು, ಎಂದು ಕರೆದರು.

ಮನೆಗೆ ಇಲಿ ಬರದಂತೆ ನೋಡಿಕೊಳ್ಳಬೇಕು, ಬೀಜ ಹೇರಳವಾಗಿ ಬೀಳುವ ವರ್ಷಗಳಲ್ಲಿ ಕೇಡು ಬರುತ್ತದೆಂದು ನವಾಹೊ ಹಿರಿಯರು ಮೊದಲಿನಿಂದ ಹೇಳುತ್ತಿದ್ದರು. ಎಲ್ ನಿನೊ ಮಳೆಯಿಂದ ಆ ವರ್ಷ ಪೈನ್ ಬೀಜ, ಹುಲ್ಲು ಸಮೃದ್ಧವಾಗಿ, ಇಲಿಗಳ ಸಂಖ್ಯೆ ಹತ್ತು ಪಟ್ಟಿನಷ್ಟು ಏರಿತ್ತು. ಇದನ್ನು ಹೇಳಲು ಸಾಧ್ಯವಾದದ್ದು ನ್ಯೂಮೆಕ್ಸಿಕೊ ವಿಶ್ವವಿದ್ಯಾಲಯದವರು ರೋಗದ ಕಾರಣಕ್ಕಲ್ಲದೆ, ಶುದ್ಧ ಪರಿಸರ ಅಧ್ಯಯನಕ್ಕಾಗಿ ಸೆವಿಯೆಟಾದಲ್ಲಿ ವರ್ಷಗಳಿಂದ ಇಲಿಗಳನ್ನು ಎಣಿಸುತ್ತಿದ್ದುದರಿಂದ. ಟೆರಿ ಯೇಟ್ಸ್ ನೋಡಿಕೊಳ್ಳುತ್ತಿದ್ದ ಆ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಶೈತ್ಯಾಗಾರದಲ್ಲಿ 1993ಕ್ಕಿಂತ ಹಿಂದೆ ಹಿಡಿದ ಇಲಿಗಳ ಅಂಗಾಂಶಗಳಿದ್ದವು. ಅವುಗಳಲ್ಲೂ ವೈರಸ್ ಸಿಕ್ಕಿತು. ಪ್ರಯೋಗಾಲಯದಿಂದ ತಪ್ಪಿಸಿಕೊಂಡ ರೋಗವೆಂಬ ವದಂತಿಗೆ ಅಲ್ಲಿಗೆ ತೆರೆಬಿತ್ತು. ಯಾರೋ ಯಾವುದಕ್ಕೋ ಕಾಪಿಟ್ಟ ಮಾದರಿ ಇನ್ನೊಬ್ಬರ ಪ್ರಶ್ನೆಗೆ ಉತ್ತರವಾಗುವುದು ಈ ಕ್ಷೇತ್ರದಲ್ಲಿ ಮತ್ತೆಮತ್ತೆ ಕಾಣುವ ಸಂಗತಿ. ನಮ್ಮಲ್ಲಿ ಯೋಜನೆ ಮುಗಿದೊಡನೆ ಮಾದರಿಗಳು ಅನಾಥವಾಗುವುದನ್ನು ನೆನೆದರೆ ಸಂಕಟವಾಗುತ್ತದೆ.

ಇಂಥ ನಿರಂತರ ಎಣಿಕೆಗೆ ಇನ್ನೊಂದು ಮಾದರಿ ಫಿನ್ಲೆಂಡ್. ಪೂಮಾಲಾ ಹಂಟಾವೈರಸ್ಸಿಗೆ ನೆಲೆಯಾದ ಅಲ್ಲಿನ ಕಾಡಿಲಿಯ ಸಂಖ್ಯೆ ಮೂರು ನಾಲ್ಕು ವರ್ಷಕ್ಕೊಮ್ಮೆ ಏರಿಳಿಯುತ್ತದೆ. ನಿಯತವಾಗಿ ಬೋನಿಟ್ಟು ಎಣಿಸಿ, ಏರಿಕೆಯ ವರ್ಷ ಬರುತ್ತಿದೆಯೆಂದು ಜನರನ್ನು ಮೊದಲೇ ಎಚ್ಚರಿಸುತ್ತಾರೆ.

ಪಟ್ಟಿಯೋ, ಕಾವಲೋ

ಮುಂದಿನ ಮಹಾಮಾರಿಯನ್ನು ಕಾಡಿನಲ್ಲೇ ಮೊದಲು ಹುಡುಕಿಬಿಡಬಹುದೆಂಬ ಆಸೆಯಿಂದ ಅಮೆರಿಕ ಸರಕಾರದ ನೆರವಿನ ಪ್ರೆಡಿಕ್ಟ್ ಯೋಜನೆ 2009ರಿಂದ 2020ರವರೆಗೆ ಸುಮಾರು 20 ಕೋಟಿ ಡಾಲರ್ ವೆಚ್ಚದಲ್ಲಿ ಹಲವು ದೇಶಗಳ ಬಾವಲಿ, ದಂಶಕ, ಕಪಿಗಳನ್ನು ಪರೀಕ್ಷಿಸಿತು. ನೂರಾರು ಹೊಸ ವೈರಸ್‌ಗಳು ಪಟ್ಟಿಗೆ ಸೇರಿದವು. ಎಡ್ವರ್ಡ್ ಹೋಮ್ಸ್, ಆಂಡ್ರ್ಯೂ ರಾಂಬೊ, ಕ್ರಿಸ್ಟಿಯನ್ ಆಂಡರ್ಸನ್ 2018ರಲ್ಲಿ ಇದನ್ನು ಪ್ರಶ್ನಿಸಿದರು. ಅನುವಂಶಿಕ ಸರಣಿ ನೋಡಿ ಯಾವುದು ಮನುಷ್ಯರಿಗೆ ಹಾರುತ್ತದೆಂದು ಹೇಳಲಾಗದು. ಹಣವನ್ನು ಜ್ವರದಿಂದ ಆಸ್ಪತ್ರೆಗೆ ಬರುವ ಜನರ ಕಾವಲಿಗೆ ಹಾಕಿರೆಂಬುದು ಅವರ ವಾದ. ಈ ವಾದದಲ್ಲಿ ಸತ್ವವಿದೆ. ಮೇಲೆ ಹೇಳಿದ ಗೆಲುವುಗಳೆಲ್ಲ ರೋಗಿಯಿಂದ ಹೊರಟು ಇಲಿಯನ್ನು ತಲುಪಿದವು, ಇಲಿಯಿಂದ ಹೊರಟವಲ್ಲ. 2022ರಲ್ಲಿ ವರದಿಯಾದ ಲಾಂಗ್ಯಾ ವೈರಸ್ಸೂ ಹಾಗೆಯೇ: ಚೀನಾದ ಶಾನ್‌ಡಾಂಗ್, ಹೆನಾನ್ ಪ್ರಾಂತ್ಯಗಳಲ್ಲಿ ಜ್ವರಪೀಡಿತರ ಕಾವಲಿನಲ್ಲಿ 35 ಸೋಂಕಿತರು ಸಿಕ್ಕರು, ಆಮೇಲೆ 25 ಪ್ರಭೇದಗಳ ಸಣ್ಣ ಪ್ರಾಣಿಗಳನ್ನು ನೋಡಿದಾಗ 262 ಮೂಗಿಲಿಗಳಲ್ಲಿ ಶೇ. 27ರಲ್ಲಿ ಅದರ ಆರ್‌ಎನ್‌ಎ ಇತ್ತು. ಆದರೆ ಸಮೀಕ್ಷೆಯೇ ಬೇಡವೆನ್ನುವುದು ಅತಿಯಾಯಿತು. ಇಲಿಗಳ ಹೆಪಟೈಟಿಸ್ ಇ ವೈರಸ್ 2010ರಲ್ಲಿ ಹ್ಯಾಂಬರ್ಗಿನ ಚರಂಡಿ ಇಲಿಗಳಲ್ಲಿ ಸಿಕ್ಕಿತ್ತು. ಅದರ ಸರಣಿ ಕೈಯಲ್ಲಿದ್ದುದರಿಂದಲೇ 2018ರಲ್ಲಿ ಹಾಂಗ್‌ಕಾಂಗಿನ ರೋಗಿಯೊಬ್ಬರ ಯಕೃತ್ತಿನ ಕಾಯಿಲೆಯ ಕಾರಣ ತಿಳಿಯಿತು.

ಸುರಕ್ಷತೆ, ಒಪ್ಪಿಗೆ

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ತಜ್ಞರು 1995ರಲ್ಲಿ ಪ್ರಕಟಿಸಿದ ಕೈಪಿಡಿ ಈ ಕೆಲಸಕ್ಕೆ ಇಂದಿಗೂ ಆಧಾರ. ಮಾದರಿ ತೆಗೆಯುವಾಗ ಸೂಕ್ಷ್ಮಕಣ ತಡೆಯುವ ಉಸಿರುಗವಸು, ಎರಡು ಪದರ ಕೈಗವಸು, ನಿಲುವಂಗಿ ಬೇಕು. ಮುಚ್ಚಿದ ಕೋಣೆಗಿಂತ ಗಾಳಿಯಾಡುವ ಬಯಲು ಲೇಸು. ಬೋನನ್ನು ಸೋಂಕುನಾಶಕದಲ್ಲಿ ಅದ್ದಿ ತೊಳೆಯಬೇಕು. ಜೀವಂತ ವೈರಸ್ ಬೆಳೆಸುವುದಾದರೆ ಉನ್ನತ ಜೈವಿಕ ಸುರಕ್ಷತೆಯ ಪ್ರಯೋಗಾಲಯವೇ ಆಗಬೇಕು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ 2012ರಿಂದ ನಾಲ್ಕನೇ ಹಂತದ ಸೌಲಭ್ಯವಿದೆ. ಕಾಡಿನೊಳಗೆ ಹಿಡಿಯಲು ಅರಣ್ಯ ಇಲಾಖೆಯ ಅನುಮತಿ, ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ.

ಕಾಗದದಲ್ಲಿ ಬರುವ ಈ ಒಪ್ಪಿಗೆಗಳಾಚೆ ಊರಿನವರ ಒಪ್ಪಿಗೆ ಇದೆ. ಬೋನಿಡುವುದು ಅವರ ಮನೆಯಲ್ಲಿ, ಅವರ ಕಣಜದ ಪಕ್ಕದಲ್ಲಿ. ಏನು ಹುಡುಕುತ್ತಿದ್ದೇವೆ, ಸಿಕ್ಕಿದರೆ ಏನು ಮಾಡಬೇಕು, ಸಿಗದಿದ್ದರೆ ಏನರ್ಥ ಎಂದು ಅವರ ಮಾತಿನಲ್ಲಿ ಹೇಳದೆ ಮಾದರಿ ಹೊತ್ತು ಹೋಗುವುದು ತಪ್ಪು. ಎಲ್ಲ ಇಲಿ, ಹಾವು, ಬಾವಲಿಗಳನ್ನೂ ಕೊಂದುಹಾಕುವ ಭಯ ಹುಟ್ಟಿಸುವುದು ಇನ್ನೂ ದೊಡ್ಡ ತಪ್ಪು. ಪನಾಮಾದಲ್ಲಿ 2009ರಲ್ಲಿ ವರದಿಯಾದ ಪ್ರಯೋಗವೊಂದರಲ್ಲಿ ವೈರಸ್ ಇಲ್ಲದ ಇತರ ಸಣ್ಣ ಪ್ರಾಣಿಗಳನ್ನು ತೆಗೆದುಹಾಕಿದಾಗ, ಉಳಿದ ಇಲಿಗಳಲ್ಲಿ ಹಂಟಾವೈರಸ್ ಸೋಂಕು ಹೆಚ್ಚಿತು. ಬಿಲಗಳ ಗುರುತು, ಇಲಿಗಳ ಹೊತ್ತು, ಬೆಳೆಯ ಕಾಲ ಬಲ್ಲ ಸ್ಥಳೀಯ ಸಹಾಯಕರಿಲ್ಲದೆ ಯಾವ ಸಮೀಕ್ಷೆಯೂ ನಡೆದಿಲ್ಲ. ಅಪಾಯಕ್ಕೆ ಮೊದಲು ಒಡ್ಡಿಕೊಳ್ಳುವವರೂ ಅವರೇ. ಪ್ರಬಂಧಗಳಲ್ಲಿ ಅವರಿಗೆ ಸಲ್ಲುವ ಜಾಗ ಇನ್ನೂ ಸಿಕ್ಕಿಲ್ಲ.

ಭಾರತದಲ್ಲಿ

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸಂಶೋಧಕರು ಈ ಶತಮಾನದ ಮೊದಲ ದಶಕದಲ್ಲಿ ಜ್ವರರೋಗಿಗಳಲ್ಲಿ, ಗೋದಾಮು ಕೆಲಸಗಾರರಲ್ಲಿ, ಹೊಲದಿಲಿ ಹಿಡಿಯುವುದನ್ನು ಕಸುಬಾಗಿಸಿಕೊಂಡ ಇರುಳರಲ್ಲಿ ಹಂಟಾವೈರಸ್ ಪ್ರತಿಕಾಯಗಳನ್ನು ಕಂಡರು. ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಜ್ವರ ಬಂದರೆ ನಮ್ಮ ವೈದ್ಯರಿಗೆ ಮೊದಲು ಹೊಳೆಯುವುದು ಬ್ಯಾಕ್ಟೀರಿಯಾದಿಂದ ಬರುವ ಇಲಿಜ್ವರ. ಪರೀಕ್ಷೆಯಲ್ಲಿ ಅದು ಅಲ್ಲವೆಂದು ತಿಳಿದಾಗ ಹಂಟಾವೈರಸ್ಸಿಗಾಗಿ ನೋಡುವ ವ್ಯವಸ್ಥೆ ಬಹುತೇಕ ಕಡೆ ಇಲ್ಲ. ಪಶ್ಚಿಮ ಘಟ್ಟದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು ಕಾಡು ಮತ್ತು ತೋಟಗಳ ಸಣ್ಣ ಸಸ್ತನಿಗಳಲ್ಲಿ ಬಾರ್ಟೊನೆಲ್ಲಾ ಬ್ಯಾಕ್ಟೀರಿಯಾ ಹುಡುಕಿದ್ದಾರೆ. ಮಂಗನ ಕಾಯಿಲೆಯ ಅಪಾಯವನ್ನು ಕಾಡು, ತೋಟ, ಗದ್ದೆಗಳ ಹೆಣಿಗೆಯೊಂದಿಗೆ ಕೂಡಿಸಿ ನಕ್ಷೆ ಮಾಡುವ ಕೆಲಸದಲ್ಲಿ ಬೆಂಗಳೂರಿನ ಅಟ್ರೀ ಸಂಸ್ಥೆ ಬ್ರಿಟಿಷ್ ಪರಿಸರ ವಿಜ್ಞಾನಿಗಳೊಡನೆ ಕೈಜೋಡಿಸಿದೆ. ಅಡಕೆ ತೋಟಕ್ಕೆ ಸೊಪ್ಪು ತರಲು, ಸೌದೆ ಆರಿಸಲು ಡಿಸೆಂಬರಿನಿಂದ ಮೇ ವರೆಗೆ ಕಾಡಿಗೆ ಹೋಗುವವರು ಎಳೆಯ ಉಣ್ಣೆಗಳು ಹೇರಳವಾಗಿರುವ ಋತುವಿನಲ್ಲೇ ಹೋಗುತ್ತಾರೆ. ಆ ಉಣ್ಣೆಗಳು ಅದಕ್ಕೂ ಮೊದಲು ಯಾವ ಇಲಿಯ, ಯಾವ ಮೂಗಿಲಿಯ ಮೈಮೇಲೆ ಬೆಳೆದವೆಂಬುದನ್ನು ಪ್ರತಿವರ್ಷ, ಅದೇ ಜಾಗಗಳಲ್ಲಿ, ಒಂದೇ ಲೆಕ್ಕದ ಬೋನುಗಳಿಂದ ನೋಡುವ ಖಾಯಂ ಕೇಂದ್ರವೊಂದು ಮಲೆನಾಡಿಗೆ ಬೇಕು.